ಹೊಸಬರ ರೆಸ್ಯೂಮ್: ಒಂದು ಪುಟವೋ ಎರಡೋ, ವರ್ಡೋ ಕ್ಯಾನ್ವಾನೋ, ಯಾವುದನ್ನು ಆರಿಸಿಕೊಳ್ಳಬೇಕು?

ಕಾಲೇಜು ಮುಗಿಯುವ ಹೊತ್ತಿಗೆ ರೆಸ್ಯೂಮ್ ಬರೆಯಲು ಕೂತವರು ಮೊದಲು ಮಾಡುವ ಕೆಲಸ ಟೆಂಪ್ಲೇಟ್ ಹುಡುಕುವುದು. ಅರ್ಧ ದಿನ ಅದರಲ್ಲೇ ಹೋಗುತ್ತದೆ. ಬಣ್ಣ ಯಾವುದಿರಲಿ, ಎಡಗಡೆ ಒಂದು ಪಟ್ಟಿ ಬೇಕಾ, ಪ್ರತಿ ಕೌಶಲದ ಮುಂದೆ ಐದು ಚುಕ್ಕಿ ಹಾಕಿ ನಾಲ್ಕನ್ನು ತುಂಬಿಸಬೇಕಾ, ಬರೀ ಇಂಥದ್ದೇ ಚಿಂತೆ. ಒಳಗೆ ಏನು ಬರೆಯಬೇಕು ಅನ್ನುವ ಹೊತ್ತಿಗೆ ಸುಸ್ತಾಗಿರುತ್ತದೆ, ಆಗ "ಕಷ್ಟಪಟ್ಟು ದುಡಿಯುವ ಸ್ವಭಾವ, ತಂಡದಲ್ಲಿ ಬೆರೆಯುವ ಗುಣ" ಅಂತ ನಾಲ್ಕು ಸಾಲು ತುಂಬಿಸಿ ಕಳಿಸಿಬಿಡುತ್ತಾರೆ.

ನನ್ನ ಲೆಕ್ಕ ಇದಕ್ಕೆ ಉಲ್ಟಾ. ಆಕಾರದ ವಿಷಯದಲ್ಲಿ ಯಾವಾಗಲೂ ಸಾದಾ ಇರುವುದನ್ನೇ ಆರಿಸಿಕೊಳ್ಳಿ, ಬೇಗ ತೀರ್ಮಾನ ಮಾಡಿ ಮುಗಿಸಿ, ಉಳಿದ ಸಮಯವನ್ನೆಲ್ಲ ಒಳಗಿನ ಸಾಲುಗಳಿಗೆ ಕೊಡಿ. ಕೆಳಗಿನ ಹೋಲಿಕೆಗಳೂ ಹಾಗೇ ಇವೆ. ಕೆಲವು ಎರಡು ಮಾತಿನಲ್ಲಿ ಮುಗಿಯುತ್ತವೆ, ಕೆಲವು ಕಡೆ ಜಾಸ್ತಿ ಹೊತ್ತು ನಿಂತಿದ್ದೇನೆ.

ಓದುವವರು ಯಾರು ಅಂತ ಮೊದಲು ತಿಳಿದುಕೊಳ್ಳಿ

ದೊಡ್ಡ ಕಂಪನಿಗೆ ಅರ್ಜಿ ಹಾಕಿದರೆ ನಿಮ್ಮ ಫೈಲು ಮೊದಲು ಸೇರುವುದು ಒಂದು ಸಾಫ್ಟ್‌ವೇರಿಗೆ. ಅರ್ಜಿಗಳನ್ನು ಜೋಡಿಸಿಡುವ ಈ ವ್ಯವಸ್ಥೆಯನ್ನು ಎಟಿಎಸ್ ಅನ್ನುತ್ತಾರೆ. ವರ್ಕ್‌ಡೇ, ಗ್ರೀನ್‌ಹೌಸ್, ಲೆವರ್ ಇವೆಲ್ಲ ಅಂಥವೇ. ಫೈಲಿನಿಂದ ಹೆಸರು, ಇಮೇಲ್, ಫೋನ್, ಓದು, ಕೆಲಸ, ತಾರೀಕುಗಳನ್ನು ಹೆಕ್ಕಿ ಅದು ಬೇರೆ ಬೇರೆ ಖಾನೆಗೆ ಹಾಕುತ್ತದೆ. ಆಮೇಲೆ ನೇಮಕಾತಿ ನೋಡಿಕೊಳ್ಳುವವರು ಅಲ್ಲಿ "ಪೈಥಾನ್" ಅಂತಲೋ "ಎಕ್ಸೆಲ್" ಅಂತಲೋ ಹುಡುಕುತ್ತಾರೆ. ಹೆಕ್ಕುವಾಗಲೇ ಎಡವಟ್ಟಾದರೆ ನೀವು ಆ ಹುಡುಕಾಟದಲ್ಲಿ ಬರುವುದೇ ಇಲ್ಲ.

ಎಟಿಎಸ್ ನೂರಕ್ಕೆ 75 ರೆಸ್ಯೂಮುಗಳನ್ನು ಮನುಷ್ಯರು ನೋಡುವ ಮೊದಲೇ ಎಸೆದುಬಿಡುತ್ತದೆ ಅನ್ನುವ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ, ಅದನ್ನು ಕೇಳಿ ಹೆದರಬೇಡಿ. ತಾನಾಗಿಯೇ ಅರ್ಜಿ ತಿರಸ್ಕಾರವಾಗುವುದು ಸಾಮಾನ್ಯವಾಗಿ ಅರ್ಜಿ ಫಾರಮಿನಲ್ಲಿ ಕೇಳುವ ಹೌದು-ಇಲ್ಲ ಪ್ರಶ್ನೆಗಳಿಂದ. ಪದವಿ ಮುಗಿದಿದೆಯೇ, ಆ ದೇಶದಲ್ಲಿ ಕೆಲಸ ಮಾಡಲು ಅನುಮತಿ ಇದೆಯೇ, ಇಂಥವು. ಅವಸರದಲ್ಲಿ ಅಲ್ಲಿ ತಪ್ಪು ಒತ್ತಿದರೆ ಎಷ್ಟು ಒಳ್ಳೆಯ ರೆಸ್ಯೂಮ್ ಇದ್ದರೂ ಉಪಯೋಗವಿಲ್ಲ.

ಎರಡನೇ ಓದುಗರು ಮನುಷ್ಯರು, ಅವರಿಗೆ ಪುರುಸೊತ್ತಿಲ್ಲ. ಲ್ಯಾಡರ್ಸ್ ಅನ್ನುವ ಉದ್ಯೋಗ ಜಾಲತಾಣ 2012ರಲ್ಲಿ 30 ಜನ ನೇಮಕಾತಿಗಾರರ ಕಣ್ಣು ಪುಟದ ಮೇಲೆ ಎಲ್ಲೆಲ್ಲಿ ಓಡುತ್ತದೆ ಅಂತ ಅಳೆದು ನೋಡಿತ್ತು. ಮೊದಲ ನೋಟ ಸುಮಾರು 6 ಸೆಕೆಂಡಿನಲ್ಲಿ ಮುಗಿಯುತ್ತದೆ ಅಂತ ಬಂತು. 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡು. 30 ಜನ ಅಂದರೆ ಸಣ್ಣ ಗುಂಪು, ಈ ಸಂಖ್ಯೆಯನ್ನು ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ಆದರೆ ರೆಸ್ಯೂಮಿನ ರಾಶಿ ಮುಂದಿಟ್ಟುಕೊಂಡು ಕೂತ ಯಾರನ್ನಾದರೂ ಕೇಳಿ, ಮೊದಲ ಸುತ್ತಿನಲ್ಲಿ ಯಾರೂ ಕೂಲಂಕಷವಾಗಿ ಓದುವುದಿಲ್ಲ. ಹೆಸರು, ಓದು, ಎಲ್ಲಿ ಕೆಲಸ, ಯಾವಾಗ, ಅಷ್ಟನ್ನು ಕಣ್ಣು ಹುಡುಕುತ್ತದೆ. ಹುಡುಕಿದ ಜಾಗದಲ್ಲಿ ಸಿಗಬೇಕು, ಅಷ್ಟೇ.

ಜೋಡಿಸುವ ಮೂರು ಬಗೆ

ಹೊಸದರಿಂದ ಹಳೆಯದಕ್ಕೆ ಹೋಗುವ ತಾರೀಕುವಾರು ರೆಸ್ಯೂಮ್ ಒಂದು. ಕೌಶಲಗಳ ಹೆಸರಿನಲ್ಲಿ ಎಲ್ಲವನ್ನೂ ಗುಂಪು ಮಾಡಿ, ತಾರೀಕುಗಳನ್ನು ಕೊನೆಗೆ ತಳ್ಳುವ ರೆಸ್ಯೂಮ್ ಇನ್ನೊಂದು. ಇವೆರಡನ್ನೂ ಬೆರೆಸಿದ್ದು ಮೂರನೆಯದು.

"ಅನುಭವ ಇಲ್ಲದವರಿಗೆ ಕೌಶಲವಾರು ರೆಸ್ಯೂಮೇ ಸರಿ" ಎಂಬ ಸಲಹೆ ಎಲ್ಲಾ ಕಡೆ ಸಿಗುತ್ತದೆ. ನಾನು ಒಪ್ಪುವುದಿಲ್ಲ. ಆ ಬಗೆಯನ್ನು ಬಳಸುವವರು ಹೆಚ್ಚಾಗಿ ನಡುವೆ ವರ್ಷಗಟ್ಟಲೆ ಕೆಲಸ ಬಿಟ್ಟವರು ಅಥವಾ ಕ್ಷೇತ್ರ ಬದಲಿಸುವವರು. ಓದುವವರಿಗೂ ಇದು ಗೊತ್ತು, ಹಾಗಾಗಿ ಕಂಡ ತಕ್ಷಣ "ಏನನ್ನೋ ಮುಚ್ಚಿಡುತ್ತಿದ್ದಾರೆ" ಅನ್ನಿಸುತ್ತದೆ. ನಿನ್ನೆ ಮೊನ್ನೆ ಕಾಲೇಜು ಮುಗಿಸಿದವರಿಗೆ ಮುಚ್ಚಿಡಲು ಏನಿದೆ? ಇಲ್ಲದ ಅನುಮಾನವನ್ನು ನಾವೇ ಯಾಕೆ ಹುಟ್ಟಿಸಬೇಕು? "ನಾಯಕತ್ವ" ಅಂತ ಒಂದು ತಲೆಬರಹ, ಅದರ ಕೆಳಗೆ ಯಾವಾಗ, ಎಲ್ಲಿ ಅಂತ ಹೇಳದ ಮೂರು ಸಾಲು ಇದ್ದರೆ ಯಾರೂ ನಂಬುವುದಿಲ್ಲ.

ಹೊಸಬರಿಗೆ ತಾರೀಕುವಾರು ರೆಸ್ಯೂಮೇ ಸಾಕು. ಆದರೆ ವಿಭಾಗಗಳ ಕ್ರಮವನ್ನು ನಿಮ್ಮ ಪರಿಸ್ಥಿತಿ ನೋಡಿ ಬದಲಿಸಿಕೊಳ್ಳಿ. ಇನ್ನೂ ಓದುತ್ತಿದ್ದರೆ ಅಥವಾ ಓದು ಮುಗಿದು ವರ್ಷದೊಳಗೆ ಇದ್ದರೆ ಓದು ಮೇಲೆ ಬರಲಿ. ಹಾಕಿದ ಕೆಲಸಕ್ಕೆ ನೇರವಾಗಿ ಹೊಂದುವ ಇಂಟರ್ನ್‌ಶಿಪ್ ಆಗಿದ್ದರೆ ಅದು ಮೇಲೆ ಬರಲಿ, ಓದು ಕೆಳಗಿಳಿಯಲಿ. ಇಂಟರ್ನ್‌ಶಿಪ್ಪೂ ಇಲ್ಲ, ಪದವಿಗೂ ಕೆಲಸಕ್ಕೂ ಸಂಬಂಧವಿಲ್ಲ, ಆದರೆ ನೀವೇ ಕೂತು ಮಾಡಿದ ಒಳ್ಳೆಯ ಪ್ರಾಜೆಕ್ಟ್ ಇದೆ ಅಂದರೆ ಪ್ರಾಜೆಕ್ಟನ್ನೇ ತಲೆಯ ಮೇಲೆ ಕೂರಿಸಿ. ಪುಟದ ಮೇಲಿನ ಮೂರನೇ ಒಂದು ಭಾಗದಲ್ಲಿ ನಿಮ್ಮ ಅತಿ ಗಟ್ಟಿ ವಿಷಯ ಇರಬೇಕು, ಅದು ಯಾವುದು ಅಂತ ಟೆಂಪ್ಲೇಟ್‌ಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ.

ಒಂದು ಪುಟವೋ, ಎರಡೋ

ಒಂದು. ಇದರಲ್ಲಿ ಚರ್ಚೆಗೆ ಜಾಸ್ತಿ ಏನಿಲ್ಲ. ಸಂಶೋಧನಾ ಲೇಖನಗಳು ಪ್ರಕಟವಾಗಿದ್ದು ಪಿಎಚ್‌ಡಿಗೋ ಪ್ರಯೋಗಾಲಯಕ್ಕೋ ಅರ್ಜಿ ಹಾಕುತ್ತಿದ್ದರೆ ಆ ಲೆಕ್ಕ ಬೇರೆ, ಅಲ್ಲಿ ಉದ್ದನೆಯ ಸಿವಿಯನ್ನೇ ಕೇಳುತ್ತಾರೆ. ಅಂದ ಹಾಗೆ ಅಮೆರಿಕದಲ್ಲಿ ಸಿವಿ ಅಂದರೆ ಆ ಉದ್ದನೆಯ ಕಾಗದ. ಬ್ರಿಟನ್‌ನಲ್ಲಿ ಸಿವಿ ಅಂದರೆ ಮಾಮೂಲಿ ರೆಸ್ಯೂಮೇ, ಅಲ್ಲಿ ಎರಡು ಪುಟ ಇದ್ದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಪುಟಕ್ಕೆ ತರಲು ಅಕ್ಷರವನ್ನು 8 ಪಾಯಿಂಟಿಗೆ ಇಳಿಸಿ, ಅಂಚುಗಳನ್ನು ಅಳಿಸಿಹಾಕುವುದು ಮೋಸ. 10ರಿಂದ 12 ಪಾಯಿಂಟ್ ಇರಲಿ, ಅಂಚು ಸುತ್ತಲೂ ಒಂದೂಕಾಲು ಸೆಂಟಿಮೀಟರಿಗಿಂತ ಕಡಿಮೆ ಆಗದಿರಲಿ. ಹಿಡಿಸುತ್ತಿಲ್ಲ ಅಂದರೆ ತೆಗೆಯಬೇಕಾದ್ದು ವಿಷಯವನ್ನು. ಶಾಲೆಯಲ್ಲಿ ಗೆದ್ದ ಪ್ರಬಂಧ ಸ್ಪರ್ಧೆ, "ಹವ್ಯಾಸ: ಸಂಗೀತ ಕೇಳುವುದು", ಇವುಗಳಿಂದ ಶುರು ಮಾಡಿ. ಇನ್ನು, ಅಮೆರಿಕ, ಕೆನಡಾಗಳಲ್ಲಿ ಬಳಸುವ ಲೆಟರ್ ಹಾಳೆ ಎ4ಗಿಂತ ಸ್ವಲ್ಪ ಅಗಲ, ಆದರೆ 18 ಮಿಲಿಮೀಟರ್ ಗಿಡ್ಡ. ಎ4ರಲ್ಲಿ ತುದಿಯವರೆಗೂ ತುಂಬಿಸಿದ್ದರೆ ಅಲ್ಲಿ ಪ್ರಿಂಟ್ ತೆಗೆಯುವಾಗ ಕೊನೆಯ ಸಾಲು ಎರಡನೇ ಪುಟಕ್ಕೆ ಹಾರಬಹುದು.

ವರ್ಡ್, ಲೇಟೆಕ್, ಕ್ಯಾನ್ವಾ

ಜಗಳ ಜಾಸ್ತಿ ನಡೆಯುವುದು ಇಲ್ಲೇ.

ಕ್ಯಾನ್ವಾ ಅಂದರೆ ಸಿದ್ಧ ವಿನ್ಯಾಸಗಳ ಮೇಲೆ ಚಿತ್ರ, ಅಕ್ಷರ ಜೋಡಿಸುವ ಆನ್‌ಲೈನ್ ಸಾಧನ. ಅದರಲ್ಲಿ ಮಾಡಿದ್ದು ನೋಡಲು ಚಂದ, ಅದನ್ನು ಒಪ್ಪುತ್ತೇನೆ. ತೊಂದರೆ ಏನೆಂದರೆ ಅಲ್ಲಿ ಪ್ರತಿಯೊಂದು ಮಾತೂ ಪುಟದ ಮೇಲೆ ತೇಲುವ ಒಂದೊಂದು ಪೆಟ್ಟಿಗೆ. ನಿಮ್ಮ ಕಣ್ಣಿಗೆ ಎಡಗಡೆ ಕೌಶಲ, ಬಲಗಡೆ ಅನುಭವ ಅಂತ ಎರಡು ಕಾಲಮ್ ಕಾಣುತ್ತದೆ. ಓದುವ ಸಾಫ್ಟ್‌ವೇರ್ ಎಡದಿಂದ ಬಲಕ್ಕೆ ಅಡ್ಡಡ್ಡ ಓದಿಕೊಂಡು ಹೋದರೆ "ಜಾವಾ ಮಾರಾಟ ವಿಭಾಗದಲ್ಲಿ ಎರಡು ತಿಂಗಳು ಫೋಟೋಶಾಪ್" ಅಂತ ಎಲ್ಲವೂ ಕಲಸುಮೇಲೋಗರ. ಚುಕ್ಕಿಗಳು, ಪಟ್ಟಿಗಳು, ಫೋನಿನ ಚಿತ್ರ, ಲಕೋಟೆಯ ಚಿತ್ರ ಇವು ಅದಕ್ಕೆ ಏನೂ ಅಲ್ಲ. ಮನುಷ್ಯರಿಗಾದರೂ "ಪೈಥಾನ್, ಐದರಲ್ಲಿ ನಾಲ್ಕು ಚುಕ್ಕಿ" ಅಂದರೆ ಏನು ತಿಳಿಯಬೇಕು? ಯಾರ ಪ್ರಕಾರ ನಾಲ್ಕು? ಗ್ರಾಫಿಕ್ ಡಿಸೈನ್ ಥರದ ಕೆಲಸಕ್ಕೆ ನೇರವಾಗಿ ಒಬ್ಬ ವ್ಯಕ್ತಿಗೆ ಇಮೇಲ್ ಮಾಡುತ್ತಿದ್ದರೆ ಕ್ಯಾನ್ವಾ ಬಳಸಿ, ಅಲ್ಲಿ ಅಂದವೂ ನಿಮ್ಮ ಕೆಲಸದ ಸ್ಯಾಂಪಲ್ಲೇ. ಆಗಲೂ ಪೋರ್ಟಲ್‌ಗೆ ಹಾಕಲು ಒಂದು ಸಾದಾ ಪ್ರತಿ ಇಟ್ಟುಕೊಂಡಿರಿ.

ಲೇಟೆಕ್ ಅಂದರೆ ಕೋಡಿನ ಥರ ಆದೇಶ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್, ಎಂಜಿನಿಯರಿಂಗ್, ಗಣಿತ, ಭೌತಶಾಸ್ತ್ರದವರ ಅಚ್ಚುಮೆಚ್ಚು. ಅದನ್ನು ಬ್ರೌಸರಿನಲ್ಲೇ ಬಳಸಬಹುದಾದ ಓವರ್‌ಲೀಫ್ ಜಾಲತಾಣ ತೆರೆದರೆ ಒಂದೇ ಕಾಲಮ್ಮಿನ ಅಚ್ಚುಕಟ್ಟಾದ ಟೆಂಪ್ಲೇಟ್‌ಗಳು ಸಿಗುತ್ತವೆ. ಸಾಲುಗಳ ನಡುವಿನ ಜಾಗ, ತಾರೀಕು ಬಲತುದಿಗೆ ಕೂರುವುದು, ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಆದರೆ ಒಂದು ಕಿರಿಕಿರಿ ಇದೆ, ಇದನ್ನು ಬಳಸುವವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಗ್ಲಿಷಿನ ಎಫ್ ಮತ್ತು ಐ ಪಕ್ಕಪಕ್ಕ ಬಂದರೆ ಲೇಟೆಕ್ ಅವೆರಡನ್ನೂ ಅಂಟಿಸಿ ಒಂದೇ ಅಚ್ಚು ಮಾಡುತ್ತದೆ. ಕಾಗದದ ಮೇಲೆ ಅದು ಸೊಗಸು. ಪಿಡಿಎಫ್‌ನಿಂದ ಅಕ್ಷರ ಹೆಕ್ಕುವಾಗ ಮಾತ್ರ ಕೆಲವು ಸಲ ಆ ಜೋಡಿ ಮಾಯವಾಗಿ "ಸರ್ಟಿಫಿಕೇಟ್" ಅನ್ನುವ ಪದ "ಸರ್ಟಿಕೇಟ್" ಆಗಿಬಿಡುತ್ತದೆ. ಟೆಂಪ್ಲೇಟಿನ ಆರಂಭದಲ್ಲಿ ಗ್ಲಿಫ್‌ಟುಯೂನಿಕೋಡ್ ಅನ್ನು ಸೇರಿಸುವ ಸಾಲು ಇದೆಯಾ ನೋಡಿಕೊಳ್ಳಿ, ಅದು ಇರುವುದೇ ಈ ತೊಂದರೆ ತಪ್ಪಿಸಲು. ಲೇಟೆಕ್ ಬರದವರು ರೆಸ್ಯೂಮಿಗೋಸ್ಕರ ಅದನ್ನು ಕಲಿಯಲು ಹೋಗಬೇಡಿ. ಲೇಟೆಕ್‌ನಲ್ಲಿ ಮಾಡಿದೆ ಅಂತ ಯಾರೂ ಕರೆದು ಕೆಲಸ ಕೊಡುವುದಿಲ್ಲ.

ಉಳಿದದ್ದು ವರ್ಡ್ ಮತ್ತು ಗೂಗಲ್ ಡಾಕ್ಸ್. ಬಹುಪಾಲು ಜನರಿಗೆ ಇದೇ ಸರಿ. ಎರಡು ಎಚ್ಚರಿಕೆ ಸಾಕು: ಹೆಸರು, ಫೋನು, ಇಮೇಲನ್ನು ಪುಟದ ಹೆಡರ್ ಜಾಗದಲ್ಲಿ ಹಾಕಬೇಡಿ, ಕೆಲವು ಸಾಫ್ಟ್‌ವೇರುಗಳು ಆ ಜಾಗವನ್ನು ಓದುವುದೇ ಇಲ್ಲ. ಟೇಬಲ್ ಎಳೆದು ಅದರ ಗೆರೆ ಮರೆಮಾಡಿ ಕಾಲಮ್ ಮಾಡುವ ಉಪಾಯವೂ ಬೇಡ.

ಯಾವುದರಲ್ಲೇ ಮಾಡಿ, ಕಳಿಸುವ ಮುಂಚೆ ಈ ಪರೀಕ್ಷೆ ಮಾಡಿ. ಪಿಡಿಎಫ್ ತೆರೆದು ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಅಲ್ಲಿ ಬಿದ್ದ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿ. ಕ್ರಮ ಸರಿ ಇದೆಯಾ, ಇಮೇಲ್ ಪೂರ್ತಿ ಬಂದಿದೆಯಾ, ಅಕ್ಷರ ನುಂಗಿದೆಯಾ ನೋಡಿ. ಸಾಫ್ಟ್‌ವೇರಿಗೆ ಕಾಣುವುದು ಹೆಚ್ಚುಕಡಿಮೆ ಅದೇ. ಪೇಸ್ಟ್ ಮಾಡಿದರೆ ಏನೂ ಬರಲಿಲ್ಲ ಅಂದರೆ ನಿಮ್ಮ ರೆಸ್ಯೂಮ್ ಬರೀ ಒಂದು ಚಿತ್ರ, ಮತ್ತೆ ಮಾಡಬೇಕು.

ಪಿಡಿಎಫ್ ಕಳಿಸಬೇಕಾ, ಡಾಕ್ ಫೈಲಾ ಅಂತ ಕೇಳಿದರೆ ಪಿಡಿಎಫ್, ಯಾಕೆಂದರೆ ಯಾರ ಕಂಪ್ಯೂಟರಿನಲ್ಲೇ ತೆರೆದರೂ ಅದು ಒಂದೇ ಥರ ಕಾಣುತ್ತದೆ. ಅರ್ಜಿಯಲ್ಲಿ ಡಾಕ್ ಫೈಲೇ ಬೇಕು ಅಂತ ಬರೆದಿದ್ದರೆ ಅದನ್ನೇ ಕೊಡಿ, ವಾದ ಬೇಡ.

ಮೇಲಿನ ಎರಡು ಸಾಲು: ಗುರಿಯೋ, ಪರಿಚಯವೋ, ಏನೂ ಬೇಡವೋ

"ಬೆಳೆಯುತ್ತಿರುವ ಸಂಸ್ಥೆಯೊಂದರಲ್ಲಿ ಸವಾಲಿನ ಹುದ್ದೆ ಪಡೆದು ನನ್ನ ಕೌಶಲಗಳನ್ನು ಬಳಸಿ ಸಂಸ್ಥೆಯ ಏಳಿಗೆಗೂ ನನ್ನ ಏಳಿಗೆಗೂ ದುಡಿಯುವುದು." ಇದು ಗುರಿ ಅನ್ನುವ ತಲೆಬರಹದ ಕೆಳಗೆ ಸಿಗುವ ಸಾಲು. ಇದನ್ನು ಕತ್ತರಿಸಿ ಬೇರೆ ಯಾರ ರೆಸ್ಯೂಮಿಗೆ ಅಂಟಿಸಿದರೂ ಸರಿಹೊಂದುತ್ತದೆ. ಹಾಗಾದರೆ ನಿಮ್ಮ ಬಗ್ಗೆ ಏನು ಹೇಳಿದ ಹಾಗಾಯಿತು? ಪುಟದ ಅತಿ ಬೆಲೆಬಾಳುವ ಜಾಗ ಸುಮ್ನೆ ಹಾಳು.

ಪರಿಚಯದ ಎರಡು ಸಾಲು ಇದಕ್ಕಿಂತ ವಾಸಿ, ಆದರೆ ಹೇಳಲು ಏನಾದರೂ ಇದ್ದರೆ ಮಾತ್ರ. "ವಾಣಿಜ್ಯ ಪದವೀಧರೆ. ಎರಡು ವರ್ಷ ಕಾಲೇಜಿನ ಸಹಕಾರ ಅಂಗಡಿಯ ಲೆಕ್ಕ ನೋಡಿಕೊಂಡಿದ್ದೇನೆ, ಈಗ ಆಡಿಟ್ ಕೆಲಸ ಹುಡುಕುತ್ತಿದ್ದೇನೆ." ಇದನ್ನು ಓದಿದರೆ ವ್ಯಕ್ತಿ ಕಣ್ಣಿಗೆ ಕಟ್ಟುತ್ತಾರೆ, ಮುಂದಿನ ಸಾಲುಗಳನ್ನು ಯಾವ ದೃಷ್ಟಿಯಿಂದ ಓದಬೇಕು ಅಂತಲೂ ಗೊತ್ತಾಗುತ್ತದೆ. ಓದಿದ್ದು ಒಂದು, ಹುಡುಕುತ್ತಿರುವ ಕೆಲಸ ಇನ್ನೊಂದು ಅನ್ನುವವರಿಗೆ ಈ ಪರಿಚಯ ನಿಜವಾಗಿಯೂ ಬೇಕು. ಸಸ್ಯಶಾಸ್ತ್ರ ಓದಿ ಡೇಟಾ ಕೆಲಸ ಕೇಳುತ್ತಿದ್ದರೆ, ಯಾಕೆ ಅಂತ ಓದುವವರು ತಾವೇ ಊಹಿಸಿಕೊಳ್ಳಲಿ ಅಂತ ಬಿಡಬಾರದು. ಕಂಪ್ಯೂಟರ್ ಸೈನ್ಸ್ ಓದಿ ಸಾಫ್ಟ್‌ವೇರ್ ಕೆಲಸ ಕೇಳುವವರು ಇದನ್ನು ಬಿಟ್ಟು ನೇರ ವಿಷಯಕ್ಕೆ ಬರಬಹುದು.

ಅಂಕ ಹಾಕಬೇಕಾ, ಬಿಡಬೇಕಾ

ಅರ್ಜಿಯಲ್ಲಿ ಕೇಳಿದ್ದರೆ ಹಾಕಲೇಬೇಕು. ಕೇಳಿಲ್ಲ, ನಿಮ್ಮದು ಚೆನ್ನಾಗಿದೆ, ಹಾಕಿ. ಕೇಳಿಲ್ಲ, ಅಷ್ಟಕ್ಕಷ್ಟೇ, ಬಿಡಿ. ಬಿಟ್ಟಿದ್ದಾರೆ ಅಂದರೆ ಕಡಿಮೆ ಇರಬಹುದು ಅಂತ ಓದುವವರು ಊಹಿಸುತ್ತಾರೆ, ನಿಜ. ಆದರೂ ಊಹೆಗಿಂತ ಕೆಟ್ಟ ಸಂಖ್ಯೆಯೇ ಕಣ್ಣಿಗೆ ಜಾಸ್ತಿ ಹೊಡೆಯುತ್ತದೆ. ಒಟ್ಟು ಅಂಕ ಕಡಿಮೆ ಇದ್ದು, ಕೆಲಸಕ್ಕೆ ಬೇಕಾದ ವಿಷಯಗಳಲ್ಲಿ ಚೆನ್ನಾಗಿದ್ದರೆ ಆ ವಿಷಯಗಳ ಅಂಕವನ್ನಷ್ಟೇ ಹೆಸರು ಹೇಳಿ ಕೊಡಬಹುದು, ಅದು ಒಟ್ಟು ಅಂಕ ಅಲ್ಲ ಅಂತ ಗೊತ್ತಾಗುವ ಹಾಗೆ.

ಎಷ್ಟಕ್ಕೆ ಎಷ್ಟು ಅಂತ ಬರೆಯುವುದನ್ನು ಮರೆಯಬೇಡಿ. 3.6 ಅನ್ನುವುದು 4ಕ್ಕಾದರೆ ಒಳ್ಳೆಯದು, 10ಕ್ಕಾದರೆ ಅನಾಹುತ. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ನೀವೇ ಲೆಕ್ಕ ಹಾಕಿ ಬದಲಾಯಿಸಲೂ ಹೋಗಬೇಡಿ, ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ಸುಳ್ಳು ಅಂಕ ಹಾಕುವವರಿಗೆ ಹೇಳುವುದಿಷ್ಟೇ, ಕೆಲಸ ಸಿಕ್ಕ ಮೇಲೆ ದಾಖಲೆ ಪರಿಶೀಲನೆ ಅಂತ ಒಂದಿರುತ್ತದೆ.

ಒಂದೇ ಕೆಲಸ, ಮೂರು ಥರದ ಸಾಲು

ಈಗ ಸಮಯ ಹಾಕಬೇಕಾದ ಜಾಗಕ್ಕೆ ಬಂದೆವು. ಕೊನೆಯ ವರ್ಷದ ಪ್ರಾಜೆಕ್ಟ್ ಒಂದನ್ನು ತೆಗೆದುಕೊಳ್ಳೋಣ, ಎಲ್ಲರೂ ಮಾಡುವ ಗ್ರಂಥಾಲಯದ ಸಾಫ್ಟ್‌ವೇರ್. ಇದನ್ನು ಬರೆಯುವ ಮೊದಲ ಬಗೆ ಹೀಗಿರುತ್ತದೆ:

"ಗ್ರಂಥಾಲಯ ನಿರ್ವಹಣಾ ವ್ಯವಸ್ಥೆಯ ಪ್ರಾಜೆಕ್ಟಿನಲ್ಲಿ ಭಾಗವಹಿಸಿದ್ದೇನೆ. ಜಾವಾ ಮತ್ತು ಮೈಎಸ್‌ಕ್ಯೂಎಲ್ ಬಳಸಲಾಗಿದೆ."

ಭಾಗವಹಿಸಿದ್ದು ಅಂದರೆ ಏನು ಮಾಡಿದ್ದು? ಬಳಸಿದವರು ಯಾರು? ತಂಡದಲ್ಲಿ ಮೂರು ಜನ ಮಾಡಿದ್ದಕ್ಕೆ ನಾಲ್ಕನೆಯವರಾಗಿ ಹೆಸರು ಸೇರಿಸಿದ್ದರೂ ಇದೇ ಸಾಲು ಬರೆಯಬಹುದು.

ಎರಡನೇ ಬಗೆ, "ಸಂಖ್ಯೆ ಹಾಕಿ" ಅನ್ನುವ ಸಲಹೆ ಕೇಳಿದವರದ್ದು:

"ಅತ್ಯಾಧುನಿಕ ಗ್ರಂಥಾಲಯ ವ್ಯವಸ್ಥೆಯನ್ನು ರೂಪಿಸಿ ಕಾರ್ಯಕ್ಷಮತೆಯನ್ನು ಶೇ 40ರಷ್ಟು ಹೆಚ್ಚಿಸಿದ್ದೇನೆ."

ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಯಾವುದರ ಕ್ಷಮತೆ, ಯಾವುದಕ್ಕೆ ಹೋಲಿಸಿ 40, ಅಳೆದಿದ್ದು ಹೇಗೆ? ಸಂದರ್ಶನದಲ್ಲಿ ಈ ಮೂರು ಪ್ರಶ್ನೆ ಬಂದರೆ ಬಾಯಿ ಕಟ್ಟಿಹೋಗುತ್ತದೆ, ಆಮೇಲೆ ರೆಸ್ಯೂಮಿನಲ್ಲಿ ನಿಜವಾಗಿ ಇದ್ದದ್ದನ್ನೂ ಅವರು ನಂಬುವುದಿಲ್ಲ.

ಮೂರನೇ ಬಗೆ:

"ನಾಲ್ಕು ಜನರ ತಂಡದಲ್ಲಿ ಪುಸ್ತಕ ಹುಡುಕುವ ಪುಟ ನನ್ನ ಪಾಲಿನದು. ಪಟ್ಟಿಯ ಪ್ರತಿ ಪುಸ್ತಕಕ್ಕೂ ಡೇಟಾಬೇಸಿಗೆ ಒಂದೊಂದು ಕ್ವೆರಿ ಹೋಗುತ್ತಿತ್ತು. ಅದನ್ನು ಒಂದೇ ಕ್ವೆರಿಗೆ ತಂದು, ಪುಟ ತೆರೆಯುವ ಸಮಯವನ್ನು 4 ಸೆಕೆಂಡಿನಿಂದ 1 ಸೆಕೆಂಡಿಗಿಂತ ಕೆಳಗೆ ಇಳಿಸಿದೆ."

ಇದರಲ್ಲೂ ಸಂಖ್ಯೆ ಇದೆ, ಆದರೆ ಅದರ ಹಿಂದೆ ಕೆಲಸ ಕಾಣುತ್ತದೆ. ಕೋಡ್ ಬರೆಯುವವರು ಯಾರೇ ಓದಿದರೂ "ಹೌದು, ಈ ತೊಂದರೆ ನನಗೂ ಆಗಿತ್ತು" ಅಂದುಕೊಳ್ಳುತ್ತಾರೆ. ಸಂದರ್ಶನಕ್ಕೆ ಕರೆದರೆ ಮೊದಲ ಪ್ರಶ್ನೆ ಇದರ ಮೇಲೇ ಬರುತ್ತದೆ, ಅದಕ್ಕೆ ಉತ್ತರ ನಿಮಗೆ ಚೆನ್ನಾಗಿ ಗೊತ್ತು. ಅಂದರೆ ಪ್ರಶ್ನೆಪತ್ರಿಕೆಯ ಮೊದಲ ಪ್ರಶ್ನೆಯನ್ನು ನೀವೇ ಬರೆದುಕೊಟ್ಟ ಹಾಗೆ.

ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2014ರಲ್ಲಿ ಕೊಟ್ಟ ಸೂತ್ರವೂ ಹೆಚ್ಚುಕಡಿಮೆ ಇದೇ: ಏನು ಸಾಧಿಸಿದೆ, ಅದರ ಅಳತೆ ಏನು, ಏನು ಮಾಡಿ ಸಾಧಿಸಿದೆ. ನನ್ನ ಒಂದು ತಿದ್ದುಪಡಿ ಏನೆಂದರೆ, ವಿದ್ಯಾರ್ಥಿಗಳ ಕೆಲಸದಲ್ಲಿ ಅಳತೆ ಎಲ್ಲಾ ಸಲ ಸಿಗುವುದಿಲ್ಲ. ಸಿಗದಿದ್ದರೆ ಹುಟ್ಟಿಸಬೇಡಿ. "ಏನು ಮಾಡಿ" ಅನ್ನುವುದನ್ನು ಇನ್ನೂ ಬಿಡಿಸಿ ಬರೆಯಿರಿ, ಅದು ಅಳತೆಯ ಜಾಗ ತುಂಬುತ್ತದೆ.

ತಾಂತ್ರಿಕ ಅಲ್ಲದ ಕೆಲಸಕ್ಕೂ ಇದೇ ಲೆಕ್ಕ. ಓದುವಾಗ ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡಿದವರು ಅದನ್ನು ನಾಚಿಕೆಯಿಂದ ಬಿಟ್ಟುಬಿಡುತ್ತಾರೆ, ಇಲ್ಲವೇ "ಗ್ರಾಹಕ ಸೇವೆ" ಅಂತ ಎರಡು ಪದ ಬರೆಯುತ್ತಾರೆ. "ವಾರಾಂತ್ಯದ ಪಾಳಿಯಲ್ಲಿ ಕೌಂಟರ್ ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೆ. ದಿನದ ಹಣ ಎಣಿಸಿ, ಬಿಲ್ಲಿನ ಜೊತೆ ತಾಳೆ ನೋಡಿ, ಬೀಗ ಹಾಕುವ ಜವಾಬ್ದಾರಿ ನನ್ನದು. ಹೊಸದಾಗಿ ಸೇರಿದ ಇಬ್ಬರಿಗೆ ಬಿಲ್ಲಿಂಗ್ ಕಲಿಸಿದೆ" ಅಂತ ಬರೆದು ನೋಡಿ. ಇನ್ನೊಬ್ಬರ ದುಡ್ಡನ್ನೂ ಬೀಗದ ಕೈಯನ್ನೂ ನಂಬಿ ಕೊಟ್ಟಿದ್ದಾರೆ ಅನ್ನುವುದು ಹೊಸಬರ ರೆಸ್ಯೂಮಿನಲ್ಲಿ ಸಣ್ಣ ಮಾತಲ್ಲ. ಯಾವ ಸರ್ಟಿಫಿಕೇಟೂ ಅದನ್ನು ಹೇಳುವುದಿಲ್ಲ.

ಸರ್ಟಿಫಿಕೇಟ್ ಅಂದಾಗ ನೆನಪಾಯಿತು. ಪ್ರಾಜೆಕ್ಟಿಗೆ ಜಾಗ ಕೊಡಬೇಕಾ, ಆನ್‌ಲೈನ್ ಕೋರ್ಸುಗಳ ಸರ್ಟಿಫಿಕೇಟಿಗಾ ಅಂದರೆ ಯಾವಾಗಲೂ ಪ್ರಾಜೆಕ್ಟಿಗೆ. ವಿಡಿಯೋ ನೋಡಿ ಮುಗಿಸಿದ್ದಕ್ಕೆ ಸಿಗುವ ಸರ್ಟಿಫಿಕೇಟ್ ನೀವು ವಿಡಿಯೋ ನೋಡಿದ್ದೀರಿ ಅಂತ ಮಾತ್ರ ಹೇಳುತ್ತದೆ. ಹತ್ತು ಸಾಲು ಇಂಥವೇ ಇದ್ದರೆ ಮಾಡಿ ತೋರಿಸುವುದು ಏನೂ ಇಲ್ಲ ಅಂತ ಅರ್ಥವಾಗುತ್ತದೆ. ಕಾವಲಿನ ನಡುವೆ ಪರೀಕ್ಷೆ ಬರೆದು ಪಡೆಯುವಂಥವು ಬೇರೆ. ಸಿಸ್ಕೋದ ನೆಟ್‌ವರ್ಕಿಂಗ್ ಪರೀಕ್ಷೆ ಸಿಸಿಎನ್ಎ, ಅಮೆಜಾನಿನ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಪರೀಕ್ಷೆಗಳು, ಇವನ್ನು ಧಾರಾಳವಾಗಿ ಹಾಕಿ.

ಎಲ್ಲರಿಗೂ ಒಂದೇ ರೆಸ್ಯೂಮೋ, ಒಬ್ಬೊಬ್ಬರಿಗೆ ಒಂದೊಂದೋ

ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಮಿಲಾನಿನ ಆಡಳಿತ ಹಿಡಿದಿದ್ದ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಅದರಲ್ಲಿ ಹತ್ತು ಅಂಶಗಳ ಪಟ್ಟಿ ಇದೆ. ಹಗುರವಾದ, ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಕೋಟೆ ಮುತ್ತಿದಾಗ ಕಂದಕದ ನೀರು ಬಸಿಯಬಲ್ಲೆ, ಫಿರಂಗಿ ಮಾಡಬಲ್ಲೆ, ಹೀಗೆ ಸಾಗುತ್ತದೆ. ಚಿತ್ರ ಬರೆಯಲೂ ಬಲ್ಲೆ ಅನ್ನುವುದು ಬರುವುದು ಪಟ್ಟಿಯ ಕೊನೆಯಲ್ಲಿ. ಸ್ಫೋರ್ಜಾನಿಗೆ ಆಗ ಬೇಕಾಗಿದ್ದದ್ದು ಯುದ್ಧದ ಸಾಮಾನು, ಅದಕ್ಕೆ ಅದು ಮೇಲೆ. ನೀವೂ ಓದುವವರಿಗೆ ಬೇಕಾದ್ದನ್ನೇ ಮೇಲೆ ತನ್ನಿ.

ಒಂದೊಂದು ಅರ್ಜಿಗೂ ಮೊದಲಿನಿಂದ ಬರೆಯಬೇಕು ಅಂತಲ್ಲ, ಹಾಗೆ ಮಾಡಿದರೆ ವಾರಕ್ಕೆ ಎರಡು ಅರ್ಜಿ ಹಾಕುವುದೂ ಕಷ್ಟ. ನನಗೆ ಸರಿ ಕಾಣುವ ದಾರಿ ಇದು. ಮಾಡಿದ್ದನ್ನೆಲ್ಲ ಬರೆದಿಟ್ಟ ಒಂದು ದೊಡ್ಡ ಫೈಲ್ ಇರಲಿ, ಮೂರ್ನಾಲ್ಕು ಪುಟ ಆದರೂ ಪರವಾಗಿಲ್ಲ, ಅದು ನಿಮಗೆ ಮಾತ್ರ. ಅದರಿಂದ ಎರಡು ಅಥವಾ ಮೂರು ಬಗೆಯ ಕೆಲಸಕ್ಕೆ ಒಂದೊಂದು ಪುಟದ ಪ್ರತಿ ತೆಗೆಯಿರಿ. ಅರ್ಜಿ ಹಾಕುವಾಗ ಕೆಲಸದ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಗಳ ಕ್ರಮ ಬದಲಿಸಿ, ಅವರು ಬಳಸಿದ ಹೆಸರನ್ನೇ ಬಳಸಿ. ಅವರು "ಡೇಟಾ ಅನಾಲಿಸಿಸ್" ಅಂದಿದ್ದು ನೀವು "ಅಂಕಿಅಂಶಗಳ ಅಧ್ಯಯನ" ಅಂದಿದ್ದರೆ ಹುಡುಕಾಟದಲ್ಲಿ ಸಿಗುವುದಿಲ್ಲ. ಹದಿನೈದು ನಿಮಿಷದ ಕೆಲಸ. ಜಾಹೀರಾತಿನ ಪದಗಳನ್ನೆಲ್ಲ ಬಿಳಿ ಬಣ್ಣದ ಅಕ್ಷರದಲ್ಲಿ ಪುಟದ ತಳದಲ್ಲಿ ಅಡಗಿಸಿಡುವ ಚಾಲಾಕಿತನ ಕೆಲವರು ಹೇಳಿಕೊಡುತ್ತಾರೆ. ಸಾಫ್ಟ್‌ವೇರ್ ಹೆಕ್ಕಿದ ಮೇಲೆ ಅದು ಕಪ್ಪು ಅಕ್ಷರವಾಗಿಯೇ ತೆರೆಯ ಮೇಲೆ ಬರುತ್ತದೆ, ಮರ್ಯಾದೆ ಹೋಗುತ್ತದೆ.

ಫೋಟೋ ಮತ್ತು ವೈಯಕ್ತಿಕ ವಿವರ

ಅಮೆರಿಕ, ಕೆನಡಾ, ಬ್ರಿಟನ್‌ಗೆ ಅರ್ಜಿ ಹಾಕುವಾಗ ಫೋಟೋ ಬೇಡ. ಜರ್ಮನಿಯಲ್ಲಿ ಫೋಟೋ ಹಾಕುವ ರೂಢಿ ಈಗಲೂ ಉಳಿದಿದೆ, ಆದರೆ 2006ರಲ್ಲಿ ತಾರತಮ್ಯದ ವಿರುದ್ಧ ಕಾನೂನು ಬಂದ ಮೇಲೆ ಅದು ಕಡ್ಡಾಯ ಅಲ್ಲ. ಬೇರೆ ಕಡೆ, ಕೇಳದಿದ್ದರೆ ಹಾಕಬೇಡಿ ಅನ್ನುವುದು ಸುಲಭದ ನಿಯಮ. ಹುಟ್ಟಿದ ದಿನ, ಧರ್ಮ, ಮದುವೆ ಆಗಿದೆಯಾ, ಪೂರ್ತಿ ಮನೆ ವಿಳಾಸ ಇವಕ್ಕೂ ಅದೇ. ಊರಿನ ಹೆಸರು ಸಾಕು.

ಇವೆಲ್ಲ ಇದ್ದರೆ ಏನು ಮಹಾ ಅನ್ನುವವರಿಗೆ ಒಂದು ಉದಾಹರಣೆ. ಬೋಸ್ಟನ್ ಮತ್ತು ಷಿಕಾಗೋದ ಪತ್ರಿಕೆಗಳಲ್ಲಿ ಬಂದ ಕೆಲಸದ ಜಾಹೀರಾತುಗಳಿಗೆ ಅರ್ಥಶಾಸ್ತ್ರಜ್ಞರಾದ ಮೇರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಸುಮಾರು 5,000 ಕಾಲ್ಪನಿಕ ರೆಸ್ಯೂಮ್ ಕಳಿಸಿ ನೋಡಿದರು. ಬಿಳಿಯರದ್ದು ಅನ್ನಿಸುವ ಹೆಸರುಗಳಿಗೆ ಕಪ್ಪುಜನರದ್ದು ಅನ್ನಿಸುವ ಹೆಸರುಗಳಿಗಿಂತ ಶೇ 50ರಷ್ಟು ಹೆಚ್ಚು ಕರೆ ಬಂತು. ಇದು ಪ್ರಕಟವಾಗಿದ್ದು 2004ರಲ್ಲಿ. ಬರೀ ಹೆಸರಿಗೇ ಇಷ್ಟಾದರೆ ಉಳಿದದ್ದನ್ನೂ ನಾವಾಗಿಯೇ ಯಾಕೆ ಬರೆದುಕೊಡಬೇಕು?

ಎಐ ಬರೆದದ್ದೋ, ನೀವೇ ಬರೆದದ್ದೋ

ಚಾಟ್‌ಜಿಪಿಟಿಯಂಥವಕ್ಕೆ ಹೇಳಿ ರೆಸ್ಯೂಮ್ ಬರೆಸಿದರೆ ತಪ್ಪಿಲ್ಲದ ಭಾಷೆ ಸಿಗುತ್ತದೆ, ಅದು ದೊಡ್ಡ ಲಾಭವೇ. ಆದರೆ ನಿಮ್ಮ ಪ್ರಾಜೆಕ್ಟಿನಲ್ಲಿ ಏನಾಯಿತು ಅಂತ ಅದಕ್ಕೆ ಗೊತ್ತಿಲ್ಲ. "ನನ್ನ ರೆಸ್ಯೂಮ್ ಬರೆದುಕೊಡು" ಅಂದರೆ ಅದು ಮೇಲೆ ಹೇಳಿದ ಎರಡನೇ ಬಗೆಯ ಸಾಲು ಬರೆಯುತ್ತದೆ, ಶೇ 40 ಅನ್ನೂ ತಾನೇ ಸೇರಿಸಬಹುದು. ಒಂದೇ ತರಗತಿಯ ಹತ್ತು ಜನ ಹೀಗೆ ಮಾಡಿದರೆ ಹತ್ತೂ ರೆಸ್ಯೂಮ್ ಅಣ್ಣತಮ್ಮಂದಿರ ಥರ ಇರುತ್ತವೆ, ಓದುವವರಿಗೆ ಮೂರನೆಯದಕ್ಕೇ ಗೊತ್ತಾಗುತ್ತದೆ.

ಕ್ರಮ ತಿರುಗಿಸಿ. ಮೊದಲು ಒರಟಾಗಿ, ಸ್ನೇಹಿತರಿಗೆ ಹೇಳುವ ಹಾಗೆ, ಏನೇನು ಮಾಡಿದೆ ಅಂತ ನೀವೇ ಬರೆಯಿರಿ. ಆಮೇಲೆ "ಇದನ್ನು ಚಿಕ್ಕದು ಮಾಡು, ಹೊಸದೇನೂ ಸೇರಿಸಬೇಡ, ವ್ಯಾಕರಣ ಸರಿ ಮಾಡು" ಅಂತ ಹೇಳಿ. ಇನ್ನೂ ಒಳ್ಳೆಯ ಉಪಯೋಗ ಏನೆಂದರೆ, ರೆಸ್ಯೂಮನ್ನೂ ಕೆಲಸದ ಜಾಹೀರಾತನ್ನೂ ಕೊಟ್ಟು ಸಂದರ್ಶನದಲ್ಲಿ ಏನೇನು ಕೇಳಬಹುದು ಅಂತ ಅದನ್ನೇ ಕೇಳುವುದು. ಯಾವ ಸಾಲಿನ ಮೇಲೆ ಎರಡು ನಿಮಿಷ ನಿರರ್ಗಳವಾಗಿ ಮಾತಾಡಲು ಆಗುವುದಿಲ್ಲವೋ ಆ ಸಾಲನ್ನು ತೆಗೆದುಹಾಕಿ. ಫೋನ್ ನಂಬರು, ಮನೆ ವಿಳಾಸವನ್ನೆಲ್ಲ ಎಐಗೆ ಕೊಡುವ ಅಗತ್ಯವೂ ಇಲ್ಲ.

ಕವರ್ ಲೆಟರ್ ಕೇಳಿದರೆ ಮಾತ್ರ ಕೊಡಿ, ಕೊಟ್ಟರೆ ರೆಸ್ಯೂಮಿನಲ್ಲಿ ಇರುವುದನ್ನೇ ಮತ್ತೆ ಬರೆಯಬೇಡಿ. ಲಿಂಕ್ಡ್‌ಇನ್ ಕೊಂಡಿ ಹಾಕುವುದಾದರೆ ಅಲ್ಲಿನ ತಾರೀಕೂ ಇಲ್ಲಿನ ತಾರೀಕೂ ತಾಳೆಯಾಗಬೇಕು. ಕೋಡ್ ಇಟ್ಟು ತೋರಿಸುವ ಜಾಲತಾಣ ಗಿಟ್‌ಹಬ್‌ನ ಕೊಂಡಿ ಕೊಟ್ಟರೆ ಒಳಗೆ ತೆರೆದು ನೋಡುವಂಥದ್ದು ಒಂದಾದರೂ ಇರಬೇಕು, ಅದು ಏನು, ಹೇಗೆ ನಡೆಸುವುದು ಅಂತ ಒಂದು ರೀಡ್‌ಮೀ ಇರಬೇಕು. ಕೊಂಡಿಗಳನ್ನು ಬೇರೆಯವರ ಫೋನಿನಿಂದ ಒಮ್ಮೆ ಒತ್ತಿ ನೋಡಿ, ನಿಮ್ಮ ಫೋನಿನಲ್ಲಿ ಲಾಗಿನ್ ಆಗಿರುವುದರಿಂದ ಎಲ್ಲವೂ ತೆರೆಯುತ್ತದೆ. ಕಾಲೇಜಿನ ಇಮೇಲ್ ಪದವಿ ಮುಗಿದ ಮೇಲೆ ಮುಚ್ಚಿಹೋಗಬಹುದು, ಸ್ವಂತದ್ದು ಕೊಡಿ. ಕೊನೆಗೆ ಫೈಲಿನ ಹೆಸರು "ರೆಸ್ಯೂಮ್ ಫೈನಲ್ 3 ಹೊಸದು" ಅಂತಿದ್ದರೆ ಬದಲಿಸಿ, ನಿಮ್ಮ ಹೆಸರು, ಪಕ್ಕದಲ್ಲಿ ಹುದ್ದೆಯ ಹೆಸರು ಇರಲಿ. ಆ ಕಡೆಯವರ ಡೌನ್‌ಲೋಡ್ ಫೋಲ್ಡರಿನಲ್ಲಿ "ರೆಸ್ಯೂಮ್" ಅನ್ನುವ ಹೆಸರಿನ ಫೈಲುಗಳು ಬೇಕಾದಷ್ಟಿವೆ.